ಒಂಬತ್ತು ಕೆಲಸ, ಒಂದು ಹೂಂ

ಮಾರ್ಚ್ 4, ಸೋಮವಾರ

ಡಾಕ್ಟರು ರಕ್ತದೊತ್ತಡ ನೋಡಿ ಉಪ್ಪು ಕಡಿಮೆ ಮಾಡಿ ಅಂದರು. ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಕೂತು ದಿನಕ್ಕೆ ಇನ್ನೂರು ಚೀಟಿ ಓದುವ ನನ್ನ ಹೆಂಡತಿ ಅದಕ್ಕೆ ತನ್ನದೂ ಒಂದು ಸೇರಿಸಿದಳು. "ಎಲ್ಲಾನೂ ಒಳಗೇ ಇಟ್ಕೊಂಡು ಊದ್ಕೋಬೇಡ್ರೀ. ಯಾರ ಹತ್ರ ಹೇಳಕ್ಕಾಗಲ್ವೋ ಅದನ್ನ ಬರೆದಾದ್ರೂ ಇಡಿ." ಆಗ್ಲಿ ಅಂದೆ. ನಾನು ಯಾರಿಗೆ ತಾನೇ ಆಗ್ಲಿ ಅಂದಿಲ್ಲ?

ಬರೆಯುತ್ತಿರುವ ಈ ಡೈರಿಯದ್ದೇ ಒಂದು ಕಥೆ. ಇದು ಹಾಸಿಗೆ ಕಂಪನಿಯದ್ದು. ತಿಂಗಳಿಗೊಂದು ಹಾಸಿಗೆಯ ಚಿತ್ರವಿದೆ, ಮಾರ್ಚಿಗೆ ನೀಲಿ ಹೂವಿನ ಡಬಲ್. ಆ ಕಂಪನಿಗೂ ನಮ್ಮ ಜಾಹೀರಾತು ಏಜೆನ್ಸಿಗೂ ಆದ ಕರಾರಿನಲ್ಲಿ ಒಂಬತ್ತು ಕೆಲಸಗಳಿವೆ. ಒಂದೇ ಹಾಳೆಯಲ್ಲಿ, ನಂಬರ್ ಹಾಕಿ, ಎರಡೂ ಕಡೆಯವರು ಸಹಿ ಮಾಡಿ. ಡೈರಿ ಅದರಲ್ಲಿಲ್ಲ. ಡಿಸೆಂಬರಿನಲ್ಲಿ ಕಂಪನಿಯ ಮಾಲೀಕರು ಫೋನ್ ಮಾಡಿ, "ಸಣ್ಣದೊಂದು ಡೈರಿ ಮಾಡ್ಕೊಟ್ಬಿಡಿ" ಅಂದರು. ಆಗ್ಲಿ ಸರ್ ಅಂದೆ. ಮುನ್ನೂರ ಅರವತ್ತು ಪುಟದ ಸಣ್ಣದೊಂದು. ಅದು ಹತ್ತನೆಯ ಕೆಲಸ. ಆಮೇಲೆ ನಂಬರ್ ಹಾಕುವುದನ್ನು ನಿಲ್ಲಿಸಿದೆ.

ಕ್ಲೈಂಟಿಗೂ ಏಜೆನ್ಸಿಗೂ ನಡುವೆ ಓಡಾಡುವುದು ನನ್ನ ಕೆಲಸ. ವಿಸಿಟಿಂಗ್ ಕಾರ್ಡಿನಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ. ಆಫೀಸಿನಲ್ಲಿ ಮಾತ್ರ ನನ್ನನ್ನು ಕೋಲೆಬಸವ ಅನ್ನುತ್ತಾರೆ, ನನಗೆ ಕೇಳಿಸುವುದಿಲ್ಲ ಅಂದುಕೊಂಡು. ತಲೆಯಾಡಿಸುವುದರಲ್ಲಿ ನನಗೆ ಹದಿನಾಲ್ಕು ವರ್ಷದ ಅನುಭವ.

ಮಾರ್ಚ್ 6, ಬುಧವಾರ

ಮೀಟಿಂಗಿಗೆ ಮೊದಲು ಕೂತು ಪಟ್ಟಿ ಮಾಡಿದೆ. ಕರಾರಿನ ಒಂಬತ್ತರಲ್ಲಿ ಮುಗಿದಿರುವುದು ನಾಲ್ಕು. ಕರಾರಿನಲ್ಲಿ ಇಲ್ಲದವುಗಳಲ್ಲಿ ಮುಗಿದಿರುವುದು ಹತ್ತೊಂಬತ್ತು. ಮಾಲೀಕರ ಮನೆ ಗೇಟಿನ ನಾಮಫಲಕ. ಅವರ ಡ್ರೈವರಿಗೆ ವಿಸಿಟಿಂಗ್ ಕಾರ್ಡು. ಬೆಳಗಿನ ವಾಕಿಂಗ್ ಗೆಳೆಯರಿಗೆಲ್ಲ ಟೋಪಿ, ಟೋಪಿಯ ಮೇಲೆ ಓಡುತ್ತಿರುವ ಮನುಷ್ಯ. ಆ ಮನುಷ್ಯನ ಹೊಟ್ಟೆ ಕರಗಿಸಲು ಇನ್ನೊಂದು ದಿನ. ಅಂಗಡಿಗೆ ಫೋನ್ ಮಾಡಿದವರು ಕಾಯುವಾಗ ಕೇಳಿಸುವ ಸಂಗೀತ. ಅದನ್ನು ಮೂರು ಸಲ ಬದಲಾಯಿಸಿದೆವು, ಮೊದಲ ಎರಡನ್ನು ಕೇಳಿ ಮಾಲೀಕರಿಗೆ ನಿದ್ದೆ ಬರಲಿಲ್ಲವಂತೆ.

ನಮ್ಮ ಬಾಸ್ ಮೇಡಂ ಕನ್ನಡಕ ಹಣೆಗೇರಿಸಿ ಕೇಳಿದರು. "ಆ ಒಂಬತ್ತು ಎಲ್ಲಿಗೆ ಬಂತು?"

"ಆಗ್ತಾ ಇದೆ ಮೇಡಂ."

"ಆಗ್ತಾ ಇದೆ ಅನ್ನೋದನ್ನ ನಾನು ನವೆಂಬರಿಂದ ಕೇಳ್ತಾ ಇದೀನಿ."

ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ತೋರಿಸಿದ್ದರೆ ಈ ಹತ್ತೊಂಬತ್ತಕ್ಕೆ ಒಪ್ಪಿದವರು ಯಾರು ಅನ್ನುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಕನ್ನಡಿಯಲ್ಲಿ ಮಾತ್ರ ಸಿಗುತ್ತದೆ.

ಮಾಲೀಕರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! "ನಿಮ್ಮನ್ನ ಬಿಟ್ರೆ ಇದನ್ನೆಲ್ಲ ಯಾರ ಹತ್ರ ಹೇಳ್ಲಿ?" ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನಾನು ಬೆಣ್ಣೆ.

ಮಾರ್ಚ್ 8, ಶುಕ್ರವಾರ

ನನ್ನ ಮೇಜಿನ ಮೇಲಿರುವ ರಬ್ಬರ್ ಸ್ಟಾಂಪಿನ ಬಗ್ಗೆ ಬರೆದಿಡಬೇಕು. ನನ್ನ ವೃತ್ತಿಜೀವನದಲ್ಲಿ ನಾನೇ ಕಂಡುಹಿಡಿದದ್ದು ಅಂತ ಇರುವುದು ಅದೊಂದೇ.

ಏಜೆನ್ಸಿಯ ನಿಯಮ ಹೀಗಿದೆ. ಯಾವ ಡಿಸೈನ್ ಮುದ್ರಣಕ್ಕೆ ಹೋಗಬೇಕಾದರೂ ಅದರ ಹಾಳೆಗೆ ಒಂದು ಒಪ್ಪಿಗೆ ಚೀಟಿ ಪಿನ್ ಮಾಡಿ ಕ್ಲೈಂಟಿಗೆ ಕಳಿಸಬೇಕು. ಅವರು ನೋಡಿ ಸಹಿ ಹಾಕಬೇಕು. ಹಾಸಿಗೆ ಮಾಲೀಕರು ಮೂರನೆಯ ಚೀಟಿಗೇ ಮುಖ ಸಣ್ಣ ಮಾಡಿಕೊಂಡರು. "ಪ್ರತಿಯೊಂದಕ್ಕೂ ಸಹಿ ಕೇಳ್ತೀರಲ್ಲ, ನನ್ನ ಮೇಲೆ ನಂಬಿಕೆ ಇಲ್ವಾ? ಫೋನಲ್ಲೇ ಮುಗಿಸ್ಬಿಡಿ." ಅಂದಿನಿಂದ ಸಹಿಯ ಜಾಗದಲ್ಲಿ "ಫೋನಿನಲ್ಲಿ ಒಪ್ಪಿಗೆ" ಅಂತ ನಾನೇ ಬರೆದು ಕೆಳಗೆ ಗೀಚುತ್ತಿದ್ದೆ. ಬರೆದು ಬರೆದು ಮಣಿಕಟ್ಟು ನೋಯತೊಡಗಿತು. ಒಂದು ಸ್ಟಾಂಪ್ ಮಾಡಿಸಿಕೊಂಡೆ. ಈಗ ಟಪ್ ಅಂದರೆ ಒಪ್ಪಿಗೆ.

ಆ ಟಪ್ ಸದ್ದಿಗೆ ತಲೆಯೆತ್ತಿ ನೋಡುವವರು ಆಫೀಸಿನಲ್ಲಿ ಒಬ್ಬರೇ, ನಮ್ಮ ಹೊಸ ಡಿಸೈನರ್. ಹೊಸಬರು ಅಂದರೆ ವಯಸ್ಸು ನಲವತ್ತೆರಡು. ಮಗನನ್ನು ಬೆಳೆಸಲು ಒಂಬತ್ತು ವರ್ಷ ಮನೆಯಲ್ಲಿದ್ದು ಈಗ ಮತ್ತೆ ಕೆಲಸಕ್ಕೆ ಬಂದಿದ್ದಾರೆ. ಆರು ತಿಂಗಳ ಪರೀಕ್ಷಾ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಆಮೇಲೆ ಕಾಯಂ. ಕಂಪ್ಯೂಟರಿನಲ್ಲಿ ಮಾಡಿದ್ದನ್ನೂ ಮುದ್ರಿಸಿ ಸ್ಟೀಲಿನ ಪಟ್ಟಿ ಇಟ್ಟು ಅಳೆಯುತ್ತಾರೆ. ಅದಕ್ಕೇ ಅವರಿಗೆ ಇಂಚುಪಟ್ಟಿ ಅಂತ ಹೆಸರು ಬಿದ್ದಿದೆ. ಏನು ಕೊಟ್ಟರೂ ಮೊದಲ ಪ್ರಶ್ನೆ, "ಸರ್, ಇದು ಬರವಣಿಗೇಲಿ ಬಂದಿದ್ಯಾ?"

ನಮ್ಮ ಮನೆಯವಳೂ ಹೀಗೆಯೇ. ಚೀಟಿ ಇಲ್ಲದೆ ಸ್ವಂತ ಗಂಡನಿಗೂ ಒಂದು ಮಾತ್ರೆ ಕೊಡುವುದಿಲ್ಲ. ಇಬ್ಬರ ಮಧ್ಯೆ ನಾನು ನಜ್ಜುಗುಜ್ಜು.

ಮಾರ್ಚ್ 13, ಬುಧವಾರ

ಕರಾರಿನ ಐದನೆಯ ಕೆಲಸ ಕೊನೆಗೂ ಕೈಗೆ ಬಂತು. ಬಸ್ ನಿಲ್ದಾಣಗಳಿಗೆ ಪೋಸ್ಟರು. ಕಂಪನಿ ಒಂದು ಕೊಡುಗೆ ಇಟ್ಟಿದೆ. "ನಮ್ಮ ಕಂಪನಿಯ ಹಳೆಯ ಹಾಸಿಗೆ ತನ್ನಿ, ಅರ್ಧ ಬೆಲೆಗೆ ಹೊಸದು ಒಯ್ಯಿರಿ." ಕಂಪನಿ ಶುರುವಾಗಿ ಆರು ವರ್ಷ. ಅವರ ಹಾಸಿಗೆ ಹಳತಾಗಿರುವ ಮನೆಗಳು ಊರಲ್ಲಿ ಎಷ್ಟಿದ್ದಾವು, ಧಾರಾಳವಾಗಿ ಕೊಡಬಹುದು.

ಬೆಳಿಗ್ಗೆ ಮಾಲೀಕರ ಫೋನು. ಅಕ್ಷರ ಸಣ್ಣದಾಯಿತು, ಬಸ್ಸಿನಿಂದ ಇಳಿಯದೆಯೇ ಓದುವ ಹಾಗಿರಬೇಕು. ಇಂಚುಪಟ್ಟಿ ಪಟ್ಟಿ ಇಟ್ಟು ಅಳೆದು ಹೇಳಿದರು. "ಇಷ್ಟು ದೊಡ್ಡದಾಗ್ಬೇಕು ಅಂದ್ರೆ ಎರಡು ಪದ ತೆಗೀಬೇಕು ಸರ್. 'ನಮ್ಮ ಕಂಪನಿಯ' ಅನ್ನೋದು ಹೋದ್ರೆ ಸರಿಯಾಗಿ ಕೂರುತ್ತೆ. ಆದ್ರೆ ಅದು ಹೋದ್ರೆ ಅರ್ಥಾನೇ ಬೇರೆ ಆಗುತ್ತೆ. ಕೇಳಿ. ಬರವಣಿಗೇಲಿ ತಗೊಳ್ಳಿ."

ಕೇಳಿದೆ. ಅಂದರೆ ಫೋನ್ ಮಾಡಿದೆ. ಮಾಲೀಕರು ಅಂಗಡಿಯಲ್ಲಿದ್ದರು, ಮೊಮ್ಮಗಳು ಜೊತೆಗಿದ್ದಳು. ನಾನು "ಸರ್, ಎರಡು ಪದ ತೆಗೀತಾ ಇದೀವಿ, ನಮ್ಮ ಕಂಪನಿಯ ಅನ್ನೋದು, ಪರವಾಗಿಲ್ವಾ?" ಅಂದೆ. ಅದೇ ಹೊತ್ತಿಗೆ ಆ ಮಗು "ತಾತ, ಇದರ ಮೇಲೆ ಕುಣೀಲಾ?" ಅಂತ ಕಿರುಚಿತು. ಮಾಲೀಕರು "ಹೂಂ ಹೂಂ" ಅಂದರು. ಮಾಲೀಕರ ಗಮನವೂ ಅವರ ಹಾಸಿಗೆಯ ಹಾಗೆಯೇ, ಯಾರು ಕುಣಿಯುತ್ತಾರೋ ಅವರ ಕಡೆಗೆ ತಗ್ಗುತ್ತದೆ. ಆ ಹೂಂ ನನಗೋ ಮೊಮ್ಮಗಳಿಗೋ ಗೊತ್ತಾಗಲಿಲ್ಲ. ಇನ್ನೊಂದು ಸಲ ಕೇಳಲು ಸಂಕೋಚ. ಎರಡು ಹೂಂ ಇತ್ತಲ್ಲ, ತಲಾ ಒಂದೊಂದು ಅಂತ ನನ್ನದನ್ನು ನಾನು ಇಟ್ಟುಕೊಂಡೆ.

"ಒಪ್ಪಿದ್ರಾ ಸರ್?" ಅಂದರು ಇಂಚುಪಟ್ಟಿ.

"ಒಪ್ಪಿದ್ರು, ತೆಗೆದ್ಬಿಡಿ. ನಾನಿದೀನಲ್ಲ."

"ಬರವಣಿಗೇಲಿ?"

ಟಪ್.

ಇದನ್ನು ಬರೆಯುವಾಗ ನನ್ನ ಹೆಂಡತಿ ಪಕ್ಕದಲ್ಲಿ ಕೂತು ಬಟ್ಟೆ ಮಡಿಸುತ್ತ ಏನೋ ಹೇಳುತ್ತಿದ್ದಾಳೆ. ಆಸ್ಪತ್ರೆ, ಬೆಳಿಗ್ಗೆ ಏಳು ಗಂಟೆ, ಮಗಳ ಜಡೆ, ಏಪ್ರಿಲ್. ಹೂಂ ಅಂದೆ. ಒಂದು ಸಲ ನನ್ನ ಮುಖ ನೋಡಿ ಬಟ್ಟೆ ಎತ್ತಿಕೊಂಡು ಹೋದಳು.

ಮಾರ್ಚ್ 20, ಬುಧವಾರ

ಪೋಸ್ಟರುಗಳನ್ನು ಅಂಟಿಸಿದರು. ಬಸ್ಸಿನಿಂದ ಇಳಿಯದೆಯೇ ಓದಿದೆ. ಏನು ಅಕ್ಷರ! ಪಕ್ಕದ ಸೀಟಿನವರಿಗೂ ತೋರಿಸಿದೆ. ಅವರು "ನಮ್ಮನೇಲೂ ಒಂದು ಹಳೇದಿದೆ" ಅಂದರು. ಹೆಮ್ಮೆಯಿಂದ ಎದೆಯುಬ್ಬಿತು. ನನ್ನ ಬುದ್ಧಿ ಎಷ್ಟು ಚುರುಕು ಅಂದರೆ, ಆ ಮಾತು ಕೇಳಿಯೂ ನನಗೆ ಖುಷಿಯೇ ಆಯಿತು.

ಸಂಜೆ ನಮ್ಮ ಕಟ್ಟಡದ ಸಂಘದ ಸೆಕ್ರೆಟರಿ ಬಂದಿದ್ದರು. ಹೋದ ವರ್ಷ ಒಂದು ನೋಟೀಸು ಬರೆದುಕೊಡಿ ಅಂದಿದ್ದರು. ಈಗ ನೀರಿನ ಪಂಪಿನ ಬೀಗದ ಕೈ ನನ್ನ ಹತ್ತಿರವಿದೆ. ದಿನಾ ಬೆಳಿಗ್ಗೆ ಆರಕ್ಕೆ ಹೋಗಿ ಪಂಪು ಹಾಕುವವನು ನಾನೇ. ಇವತ್ತು ಲಿಫ್ಟಿನ ಬಗ್ಗೆಯೂ "ನೀವೇ ಸ್ವಲ್ಪ ನೋಡ್ಕೊಂಡ್ಬಿಡಿ" ಅಂದರು. ನೋಡ್ಕೊತೀನಿ ಅಂದೆ. ನೋಡಿಕೊಂಡೇ ಇದ್ದೇನೆ, ಏನೇನು ಬಂದು ತಲೆಯ ಮೇಲೆ ಕೂರುತ್ತದೆ ಅಂತ.

ಮಾರ್ಚ್ 25, ಸೋಮವಾರ

ದೇವರೇ.

ಒಂಬತ್ತೂವರೆಗೆ ಅಂಗಡಿಯ ಮ್ಯಾನೇಜರ್ ಫೋನು. "ಬೇಗ ಬನ್ನಿ ಸರ್, ಬಾಗಿಲು ತೆಗೆಯಕ್ಕೇ ಆಗ್ತಿಲ್ಲ." ಓಡಿದೆ. ಬೀದಿಯ ತಿರುವಿನಲ್ಲೇ ಕಾಲು ನಿಂತವು. ಅಂಗಡಿಯ ಮುಂದೆ ಹಾಸಿಗೆಗಳ ಗುಡ್ಡ. ಶನಿವಾರ, ಭಾನುವಾರ ಊರೆಲ್ಲ ಮನೆಯಲ್ಲಿ ಕೂತು ತಮ್ಮ ತಮ್ಮ ಹಾಸಿಗೆ ಕಟ್ಟಿಕೊಂಡಂತೆ ಕಾಣುತ್ತದೆ. ಹತ್ತಿ ಹಾಸಿಗೆ, ನಾರಿನ ಹಾಸಿಗೆ, ಸ್ಪ್ರಿಂಗು ಹೊರಬಂದು ಕೊಕ್ಕೆಯಾಗಿ ನಿಂತ ಹಾಸಿಗೆ, ತೊಟ್ಟಿಲಿನ ಹಾಸಿಗೆ. ಕಾರಿನ ಮೇಲೆ, ತಳ್ಳುಗಾಡಿಯ ಮೇಲೆ, ತಲೆಯ ಮೇಲೆ. ಒಂದರಿಂದ ಇಲಿ ಮರಿ ಇಳಿದು ಓಡಿತು. ಕ್ಯೂ ಪಕ್ಕದ ಬೇಕರಿ ದಾಟಿ ಬ್ಯಾಂಕಿನ ಮೆಟ್ಟಿಲವರೆಗೆ ಹೋಗಿತ್ತು.

ನಿವೃತ್ತ ಮೇಷ್ಟರೊಬ್ಬರು ತಮ್ಮ ಹಾಸಿಗೆಯ ಮೇಲೆಯೇ ಕೂತಿದ್ದರು. "ಮೂವತ್ತೆಂಟು ವರ್ಷದ್ದು. ನನ್ನ ಬೆನ್ನಿನ ಅಚ್ಚು ಇದರಲ್ಲಿದೆ ನೋಡಿ. ಇಂಥ ಉದಾರ ಕಂಪನಿ ನಾನು ನೋಡೇ ಇಲ್ಲ" ಅಂತ ನನ್ನ ಕೈ ಹಿಡಿದು ಕುಲುಕಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಾಲೀಕರು ಗಾಜಿನ ಬಾಗಿಲಿನ ಆ ಕಡೆ ನಿಂತಿದ್ದರು. ನನ್ನನ್ನು ಕಂಡು ಪೋಸ್ಟರಿನ ಕಡೆ ಬೆರಳು ತೋರಿಸಿ ಏನೋ ಕೇಳಿದರು. ಗಾಜಿನ ಹಿಂದೆ ಅವರ ಮಾತು ಕೇಳಿಸಲಿಲ್ಲ. ಅಭ್ಯಾಸಬಲ, ತಲೆಯಾಡಿಸಿದೆ.

ಮಾರ್ಚ್ 26, ಮಂಗಳವಾರ

ಬಾಸ್ ಮೇಡಂ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಎರಡು ಪೋಸ್ಟರು, ಪದಗಳಿದ್ದದ್ದು ಮತ್ತು ಇಲ್ಲದ್ದು. ಇಂಚುಪಟ್ಟಿ ಆಗಲೇ ಅಲ್ಲಿ ನಿಂತಿದ್ದರು. ಮಾಲೀಕರು "ನಾನು ಇದಕ್ಕೆ ಒಪ್ಪೇ ಇಲ್ಲ" ಅನ್ನುತ್ತಿದ್ದಾರಂತೆ.

"ಈ ಎರಡು ಪದ ತೆಗೆದವರು ಯಾರು?"

"ನಾನು ಮೇಡಂ" ಅಂದರು ಇಂಚುಪಟ್ಟಿ. ಹೌದು, ತೆಗೆದ ಕೈ ಅವರದ್ದೇ.

ಮೇಡಂ ನನ್ನ ಕಡೆ ತಿರುಗಿದರು. "ಚೀಟಿ ಮೇಲೆ ನಿಮ್ಮ ಸ್ಟಾಂಪಿದೆ. ಯಾವುದಕ್ಕೆ ಒಪ್ಪಿಗೆ ತಗೊಂಡಿದ್ರಿ?"

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಅಕ್ಷರ ದೊಡ್ಡದು ಮಾಡಕ್ಕೆ ಅವರೇ ಹೇಳಿದ್ರು ಮೇಡಂ. ಅದಕ್ಕೆ ಒಪ್ಪಿಗೆ ಇತ್ತು. ಪದ ತೆಗೆಯೋ ವಿಷಯ..." ಅಲ್ಲಿಗೆ ನಿಲ್ಲಿಸಿದೆ. ಸುಳ್ಳು ಒಂದೂ ಹೇಳಲಿಲ್ಲ. ಉಳಿದದ್ದನ್ನು ಮೇಡಂ ತಾವೇ ತುಂಬಿಕೊಂಡರು.

ಇಂಚುಪಟ್ಟಿ ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ. ಅಳೆದು ನೋಡುವ ಹಾಗೆ ನೋಡಿದರು.

"ಶುಕ್ರವಾರ ಕ್ಲೈಂಟ್ ಬರ್ತಾರೆ. ಯಾರ ತಪ್ಪು ಅಂತ ಅವರ ಮುಂದೆ ಹೇಳ್ಬೇಕು" ಅಂದರು ಮೇಡಂ. ಮತ್ತೆ ಇಂಚುಪಟ್ಟಿಯ ಕಡೆಗೆ ತಿರುಗಿ, "ನಿಮ್ಮ ಕಾಯಂ ಪತ್ರ ಸಹಿಗೆ ಬಂದಿತ್ತಮ್ಮ. ಈಗ ಹೇಗೆ ಹಾಕ್ಲಿ ಹೇಳಿ?"

ಮಾಲೀಕರು ಒಪ್ಪಿದ್ದಂತೂ ನಿಜ. ನನ್ನ ಕಿವಿಯಾರೆ ಕೇಳಿದ್ದೇನೆ. ಹೂಂ ಅಂದಿದ್ದರು. ಈಗ ಇಲ್ಲ ಅನ್ನುತ್ತಾರೆ, ದೊಡ್ಡವರ ಕಥೆಯೇ ಇಷ್ಟು. ನಾನೊಬ್ಬ ಏನು ಮಾಡಲಿ?

ಮಾರ್ಚ್ 27, ಬುಧವಾರ

ಇಂಚುಪಟ್ಟಿ ತಮ್ಮ ಮೇಜು ಒರೆಸಿ, ಸ್ಟೀಲಿನ ಪಟ್ಟಿಯನ್ನು ಕೈಚೀಲಕ್ಕೆ ಹಾಕಿಕೊಂಡರು. ದಿನಾ ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಿದ್ದರು.

ಊಟ ಸೇರಲಿಲ್ಲ. ಉಪ್ಪಿಲ್ಲದ್ದಕ್ಕಲ್ಲ.

ಮಾರ್ಚ್ 28, ಗುರುವಾರ

ನಾಳೆ ಮಾಲೀಕರ ಮುಂದೆ "ನೀವು ಇಂಥ ದಿನ, ಇಂಥ ಹೊತ್ತಿಗೆ ಹೂಂ ಅಂದಿದ್ದಿರಿ" ಅಂತ ತಾರೀಖಿನ ಸಮೇತ ಹೇಳಿ ಬಾಯಿ ಮುಚ್ಚಿಸಬೇಕು ಅಂತ ಈ ಡೈರಿ ತೆಗೆದೆ. ತಾರೀಖು ಸಿಕ್ಕಿತು, ಹದಿಮೂರು. ಓದಿದೆ.

ಇನ್ನೊಂದು ಸಲ ಓದಿದೆ.

"ಆ ಹೂಂ ನನಗೋ ಮೊಮ್ಮಗಳಿಗೋ ಗೊತ್ತಾಗಲಿಲ್ಲ." ನನ್ನದೇ ಅಕ್ಷರ. ಅಂದು ಬರೆದು ನಕ್ಕಿದ್ದೆ ಅನ್ನುವುದೂ ನೆನಪಿದೆ. ಹದಿನೈದು ದಿನದಲ್ಲಿ ಆ ಅನುಮಾನ ನನ್ನ ತಲೆಯಿಂದ ಯಾವಾಗ ಜಾರಿ ಹೋಯಿತೋ, "ಕಿವಿಯಾರೆ ಕೇಳಿದ್ದೇನೆ" ಯಾವಾಗ ಬಂದು ಕೂತಿತೋ! ಅದೇ ಪುಟದಲ್ಲಿ ಇಂಚುಪಟ್ಟಿ ಕೇಳಿದ್ದೂ ಇದೆ. ಅರ್ಥ ಬೇರೆ ಆಗುತ್ತೆ ಅಂದದ್ದಿದೆ, ಬರವಣಿಗೇಲಿ ತಗೊಳ್ಳಿ ಅಂದದ್ದಿದೆ, ನಾನು "ನಾನಿದೀನಲ್ಲ" ಅಂದದ್ದೂ ಇದೆ. ಮಂಗಳವಾರ ಮೇಡಂ ಕೋಣೆಯಲ್ಲಿ ಆ ನಾನು ಎಲ್ಲಿದ್ದೆ?

ಪುಟ ಹರಿದುಬಿಡಲೇ ಅನ್ನಿಸಿತು. ಸುಳ್ಳೇಕೆ, ಪುಟದ ಮೇಲೆ ಕೈಯಿಟ್ಟೆ ಕೂಡ. ಆದರೆ ಇದು ನಾವೇ ಮಾಡಿಸಿದ ಡೈರಿ, ಹೊಲಿಗೆ ಗಟ್ಟಿಯಿದೆ, ಒಂದು ಹಾಳೆ ಕಿತ್ತರೆ ಜೋಡಿ ಹಾಳೆ ಸಡಿಲವಾಗಿ ಹೊರಗೆ ನೇತಾಡುತ್ತದೆ. ಹೀಗೆ ಕಾರಣ ಕೊಟ್ಟುಕೊಳ್ಳುವ ಮನುಷ್ಯ ನಾನು.

ಮಾರ್ಚ್ 29, ಶುಕ್ರವಾರ

ಮೀಟಿಂಗು ಹನ್ನೊಂದಕ್ಕೆ. ಮಾಲೀಕರು, ಮೇಡಂ, ಇಂಚುಪಟ್ಟಿ, ನಾನು. ಮೇಡಂ ಇನ್ನೂ ಮಾತು ಶುರುಮಾಡಿರಲಿಲ್ಲ, ನಾನು ಎದ್ದುನಿಂತೆ. ಶಾಲೆಯ ಮಕ್ಕಳ ಹಾಗೆ ಯಾಕೆ ಎದ್ದುನಿಂತೆನೋ. "ತಪ್ಪು ನಂದು. ಇವರದ್ದೇನೂ ಇಲ್ಲ" ಅಂದೆ.

ಅಷ್ಟಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದೆ. ಮೇಡಂ ಬಿಡಬೇಕಲ್ಲ! "ತಪ್ಪು ನಂದು ಅನ್ನೋದು ನಿಮಗೆ ಹೊಸದಲ್ಲ. ಏನಾಯ್ತು ಅಂತ ಹೇಳಿ." ಬ್ಯಾಗಿನಿಂದ ಡೈರಿ ತೆಗೆದೆ.

"ಇದು ನಮ್ದೇ ಡೈರಿ ಅಲ್ವಾ?" ಅಂದರು ಮಾಲೀಕರು, ಖುಷಿಯಿಂದ.

ಹದಿಮೂರನೆಯ ತಾರೀಖು ಓದತೊಡಗಿದೆ. "ಮಾಲೀಕರ ಗಮನವೂ" ಅನ್ನುವಲ್ಲಿಗೆ ಬಂದಾಗ ನಾಲಿಗೆ ಕಚ್ಚಿಕೊಂಡು ನಿಲ್ಲಿಸಿದೆ. "ನಿಲ್ಲಿಸ್ಬೇಡಿ, ಪೂರ್ತಿ ಓದಿ" ಅಂದರು. ಓದಿದೆ. ಕುಣಿಯುವವರ ಕಡೆಗೆ ತಗ್ಗುತ್ತದೆ ಅನ್ನುವುದನ್ನೂ ಓದಿದೆ. ಟಪ್ ಓದಿದೆ. ಓದಿದ ರಭಸಕ್ಕೆ ಬಟ್ಟೆ ಮಡಿಸಿದ್ದನ್ನೂ ಸೇರಿಸಿ ಪುಟದ ಕೊನೆಯವರೆಗೆ ಓದಿಬಿಟ್ಟೆ.

"ಆ ಹೂಂ ಮೊಮ್ಮಗಳಿಗೆ" ಅಂದರು ಮಾಲೀಕರು. "ನೀವು ಫೋನಲ್ಲಿ ಏನು ಹೇಳಿದ್ರೋ ನಂಗೆ ಗೊತ್ತೇ ಇಲ್ಲ. ಆದ್ರೆ ಫೋನಲ್ಲೇ ಮುಗಿಸಿ ಅಂದವನೂ ನಾನೇ ಅಲ್ವಾ?"

ಜೇಬಿನಲ್ಲಿದ್ದ ಪಟ್ಟಿಯನ್ನೂ ತೆಗೆದು ಮೇಜಿನ ಮೇಲಿಟ್ಟೆ. ಹತ್ತೊಂಬತ್ತು ಈಗ ಇಪ್ಪತ್ಮೂರಾಗಿತ್ತು. ಮಾಲೀಕರು ಕನ್ನಡಕ ಹಾಕಿಕೊಂಡು ಒಂದೊಂದೇ ಓದಿದರು. ಟೋಪಿ ಬಂದಾಗ ಕಿವಿ ಕೆಂಪಾಯಿತು.

"ಇಷ್ಟೆಲ್ಲ ನಾನು ಕೇಳಿದ್ನಾ? ಇದು ಕರಾರಲ್ಲಿ ಇಲ್ವಾ?"

"ಇಲ್ಲ ಸರ್."

"ಮತ್ತೆ ಒಂದ್ಸಲಾನೂ ಇಲ್ಲ ಅನ್ಲಿಲ್ವಲ್ಲ ನೀವು! ಕೇಳಿದ್ದೆಲ್ಲ ಮಾಡ್ಕೊಟ್ರಿ, ನಾನು ಎಲ್ಲ ಅದರಲ್ಲೇ ಸೇರಿದೆ ಅಂದ್ಕೊಂಡೆ. ನಿಮ್ಮನ್ನ ಇಷ್ಟು ಗೋಳು ಹೊಯ್ಕೊಂಡಿದೀನಿ ಅಂತ ಹೇಳೋರು ಯಾರು?"

ಆರು ತಿಂಗಳಿಂದ ಅವರ ಬೆನ್ನ ಹಿಂದೆ ಹಲ್ಲು ಕಡಿಯುತ್ತಿದ್ದೆ. ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವ ಹಾಗೆ ನಾನು ಏನನ್ನೂ ಮಾಡಿರಲಿಲ್ಲ, ಹಲ್ಲು ಬಿಟ್ಟು ನಗುವುದನ್ನು ಬಿಟ್ಟು.

ತೀರ್ಮಾನ ಇಷ್ಟಾಯಿತು. ಕಳೆದ ಸೋಮವಾರ ಬಂದವರ ಹಾಸಿಗೆಯನ್ನು ಕಂಪನಿ ತೆಗೆದುಕೊಳ್ಳುತ್ತದೆ. ಪೋಸ್ಟರು ಬದಲಾಗುತ್ತವೆ. ಬದಲಾಗುವವರೆಗೆ ಅಂಗಡಿಯ ಬಾಗಿಲಲ್ಲಿ ಒಬ್ಬರು ನಿಂತು ಬರುವವರಿಗೆಲ್ಲ ತಪ್ಪಾಗಿದೆ ಅಂತ ಹೇಳಬೇಕು. "ಯಾರು ನಿಲ್ತಾರೆ?" ಅಂದರು ಮೇಡಂ. ಉತ್ತರ ಗೊತ್ತಿದ್ದೇ ಕೇಳಿದ್ದು. ಅದಾದ ಮೇಲೆ ಹಾಸಿಗೆ ಕಂಪನಿಯ ಕೆಲಸ ಬೇರೆಯವರಿಗೆ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಹದಿನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಕ್ಲೈಂಟ್ ಕಿತ್ತುಕೊಂಡದ್ದು ಇದೇ ಮೊದಲು. ನೋವಾಯಿತು. ತುಂಬ ನೋವಾಯಿತು.

ಹೊರಗೆ ಬಂದಾಗ ಇಂಚುಪಟ್ಟಿಯವರ ಕೈಯಲ್ಲಿ ಕಾಯಂ ಪತ್ರವಿತ್ತು. ನಾನು ಕ್ಷಮಿಸಿ ಅಂದೆ. "ಮಂಗಳವಾರವೇ ಹೇಳಿದ್ರೆ ಚೆನ್ನಾಗಿತ್ತು ಸರ್. ಮೂರು ದಿನ ಮನೇಲಿ ಮುಖ ತೋರ್ಸಕ್ಕಾಗ್ಲಿಲ್ಲ ನಂಗೆ" ಅಂದರು. ಪರವಾಗಿಲ್ಲ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಏಪ್ರಿಲ್ 2, ಮಂಗಳವಾರ

ಎರಡು ದಿನ ಬಾಗಿಲಲ್ಲಿ ನಿಂತು ಕಾಲು ಕಂಬವಾಗಿವೆ. ನಿನ್ನೆ ಅರವತ್ತೊಂದು ಜನ, ಇವತ್ತು ನಲವತ್ತು. ಮೊದಲ ದಿನ "ಸ್ವಲ್ಪ ಗೊಂದಲ ಆಗಿದೆ" ಅಂತ ಶುರುಮಾಡುತ್ತಿದ್ದೆ. ಜನ ಯಾರ ಗೊಂದಲ ಅಂತ ಕೇಳುತ್ತಿದ್ದರು, ಮಾತು ಬೆಳೆಯುತ್ತಿತ್ತು. ಮಧ್ಯಾಹ್ನದ ಮೇಲೆ "ಪೋಸ್ಟರಲ್ಲಿ ತಪ್ಪಾಗಿದೆ, ಮಾಡಿದವನು ನಾನು, ಈ ಹಾಸಿಗೆ ತಗೊಳ್ಳಕ್ಕಾಗಲ್ಲ" ಅಂತ ನೇರ ಹೇಳತೊಡಗಿದೆ. ಬೈದರು, ಆದರೆ ಬೇಗ ಬೈದು ಮುಗಿಸಿದರು. ಒಬ್ಬಾಕೆ ಬೈಯದೆ, ಹಾಸಿಗೆಯನ್ನು ವಾಪಸ್ ತಲೆಗೆ ಎತ್ತಿಕೊಡಿ ಅಂದರು. ಎತ್ತಿಕೊಟ್ಟೆ.

ಸಂಜೆ ಮಾಲೀಕರು ಬಂದು ಪಕ್ಕದಲ್ಲಿ ನಿಂತರು. "ಹೇಗೂ ಇಲ್ಲೇ ಇದೀರಲ್ಲ, ಮೊಮ್ಮಗಳ ಶಾಲೆಗೆ ಸಣ್ಣದೊಂದು..." ಅಂದವರು ತಾವೇ ನಿಲ್ಲಿಸಿದರು.

"ಆಗಲ್ಲ ಸರ್. ಬೇಕೇ ಬೇಕು ಅಂದ್ರೆ ಮೇಡಂಗೆ ಬರೆದು ಕೊಡಿ."

"ಸರಿ ಹಾಗಾದ್ರೆ" ಅಂದರು. ಆಕಾಶವೇನೂ ಬೀಳಲಿಲ್ಲ. ಆಮೇಲೆ ಇಬ್ಬರೂ ಕಾಫಿ ಕುಡಿದೆವು.

ಬರುವಾಗ ಸೆಕ್ರೆಟರಿಗೆ ಪಂಪಿನ ಬೀಗದ ಕೈ ಕೊಟ್ಟು ಬಂದೆ. ಬೆಳಿಗ್ಗೆ ಯಾರಾದರೂ ಎದ್ದು ಹಾಕಿಕೊಳ್ಳಲಿ.

ಏಪ್ರಿಲ್ 3, ಬುಧವಾರ

ಹೊಸ ಪೋಸ್ಟರಿನ ಡಿಸೈನ್ ಹಿಡಿದು ಇಂಚುಪಟ್ಟಿ ತಾವೇ ಅಂಗಡಿಗೆ ಬಂದಿದ್ದರು. ಎರಡೂ ಪದ ವಾಪಸ್ ಬಂದು ಕೂತಿವೆ, ಅಕ್ಷರ ಸ್ವಲ್ಪ ಸಣ್ಣದಾಗಿದೆ, ಬಸ್ಸಿನಿಂದ ಇಳಿದೇ ಓದಬೇಕು. ಮಾಲೀಕರು ಬೆರಳಿಟ್ಟು ಒಂದೊಂದು ಪದ ಓದಿ, ಒಪ್ಪಿಗೆ ಚೀಟಿಯ ಮೇಲೆ ಪೆನ್ನಿನಲ್ಲಿ ಸಹಿ ಹಾಕಿದರು. ನನ್ನ ಸ್ಟಾಂಪ್ ಎಲ್ಲಿ ಅಂತ ಕೇಳಿದೆ. "ಮೀಟಿಂಗ್ ಮೇಜಿನ ಒಂದು ಕಾಲು ಕುಂಟುತ್ತಲ್ಲ ಸರ್, ಅದರ ಕೆಳಗೆ ಇಟ್ಟಿದೀನಿ" ಅಂದರು. ಎತ್ತರ ಸರಿಯಾಗಿ ಬಂತಂತೆ, ಅಳೆದು ನೋಡಿದರಂತೆ.

ಹೊರಟವರು ಮೆಟ್ಟಿಲಲ್ಲಿ ನಿಂತರು. "ಸರ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ಓದಿದ ಪುಟದ ಕೊನೇಲಿ ಇನ್ನೊಂದು ಹೂಂ ಇತ್ತಲ್ಲ. ನೀವು ಮನೇಲಿ ಅಂದಿದ್ದು. ಅವರು ಏನು ಕೇಳಿದ್ರು?"

ಏನು ಕೇಳಿದ್ದಳು? ನನಗೇ ಗೊತ್ತಿರಲಿಲ್ಲ. ಆ ಪುಟವನ್ನು ಎಷ್ಟು ಸಲ ಓದಿದ್ದೇನೆ, ಜನರ ಮುಂದೆ ಗಟ್ಟಿಯಾಗಿಯೂ ಓದಿದ್ದೇನೆ.

ಬಸ್ಸಿನಲ್ಲಿ ಕೂತು ಮತ್ತೆ ತೆಗೆದು ನೋಡಿದೆ. ಆಸ್ಪತ್ರೆ, ಬೆಳಿಗ್ಗೆ ಏಳು ಗಂಟೆ, ಮಗಳ ಜಡೆ, ಏಪ್ರಿಲ್. ಈಗ ಏಪ್ರಿಲ್. ನನ್ನ ಹೂಂ ನಂಬಿಕೊಂಡು ಇವಳು ಏನು ಮಾಡಿಬಿಟ್ಟಿದ್ದಾಳೋ!

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದೆ. ಅವಳು ಮಗಳ ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದಳು. ತಲೆಯೆತ್ತಲಿಲ್ಲ.

"ಔಷಧ ವಿಭಾಗಕ್ಕೆ ಮುಖ್ಯಸ್ಥೆ ಆಗ್ತೀರಾ ಅಂತ ಕೇಳಿದಾರೆ. ಬೆಳಿಗ್ಗೆ ಏಳಕ್ಕೆ ಅಲ್ಲಿರ್ಬೇಕು. ಇವಳನ್ನ ಎಬ್ಬಿಸೋದು, ಜಡೆ ಹಾಕೋದು, ಶಾಲೆಗೆ ಬಿಡೋದು ಎಲ್ಲ ನಿಮ್ಮ ಮೇಲೆ ಬರುತ್ತೆ. ನಂಗೆ ಆ ಕೆಲಸ ಬೇಕು. ತುಂಬಾ ಬೇಕು. ಆಗುತ್ತಾ ಅಂತ ಕೇಳಿದ್ದೆ."

"ನಾನು ಹೂಂ ಅಂದಿದ್ದೆ."

"ಅಂದಿದ್ರಿ."

"ಮತ್ತೆ ನೀನು ಒಪ್ಕೊಂಡ್ಯಾ?"

"ಇಲ್ಲ." ಹೊದಿಕೆಯ ಅಂಚನ್ನು ಉಗುರಿನಿಂದ ಗೀರಿ ಮಡಿಸಿದಳು. "ಆ ಹೂಂ ನಂಗಲ್ಲ ಅಂತ ಗೊತ್ತಿತ್ತು. ನನ್ನದಲ್ಲದ್ದನ್ನ ಹೇಗೆ ಇಟ್ಕೊಳ್ಲಿ? ಶುಕ್ರವಾರದ ತನಕ ಟೈಮ್ ಇದೆ ಅಂತ ಕಾಯ್ತಾ ಇದ್ದೆ."

ಮೂರು ವಾರ. ಕೇಳದವನ ಪಕ್ಕದಲ್ಲಿ ಅವಳು ಮೂರು ವಾರ ಕಾದಿದ್ದಾಳೆ. ನಾನಾದರೋ ಅನುಮಾನದ ಹೂಂ ಒಂದು ಸಿಕ್ಕಿದ್ದೇ ತಡ ಸ್ಟಾಂಪ್ ಒತ್ತಿ ಊರ ತುಂಬ ಅಂಟಿಸಿದವನು.

ತಕ್ಷಣ ಆಗ್ಲಿ ಅನ್ನಲು ಬಾಯಿಗೆ ಬಂದಿತ್ತು, ತಡೆದುಕೊಂಡೆ. ನನಗೆ ಜಡೆ ಹಾಕಲು ಬರುವುದಿಲ್ಲ. ಅದನ್ನೇ ಹೇಳಿದೆ. ಬಾಚಣಿಗೆ ತಂದಿಡುತ್ತೇನೆ, ಊಟ ಆದ ಮೇಲೆ ಕಲಿಸುತ್ತೇನೆ, ಬಂದರೆ ಆಮೇಲೆ ಹೇಳಿ ಅಂದಳು. ಮಗಳು ಆಗಲೇ ಕೂದಲು ಬಿಚ್ಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದಾಳೆ. ಇಬ್ಬರೂ ಕರೆಯುತ್ತಿದ್ದಾರೆ. ಕೇಳಿಸುತ್ತಿದೆ, ಹೋಗುತ್ತೇನೆ.